ಮನೆಭೇಟಿಯ ಪಾಲನಾ ಸೇವೆಗೆ ಸಭೆಯ ಸ್ವಯಂಸೇವಕರನ್ನು ತಯಾರು ಮಾಡುವುದು ಹೇಗೆ?

ಒಬ್ಬರೇ ಗುರುಗಳು. ಊರ ಚರ್ಚು, ಸುತ್ತಲಿನ ನಾಲ್ಕೈದು ಹಳ್ಳಿಗಳ ಪ್ರಾರ್ಥನಾ ಕೂಟಗಳು, ಮೇಲೆ ಶಾಲೆಯ ಆಡಳಿತ, ಎಲ್ಲವೂ ಅವರ ತಲೆಯ ಮೇಲೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಅನೇಕ ಕಥೋಲಿಕ ಧರ್ಮಕೇಂದ್ರಗಳಲ್ಲಿ, ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಮತ್ತು ಮೆಥಡಿಸ್ಟ್ ಸಭೆಗಳಲ್ಲಿ, ಅಂದರೆ ಚರ್ಚಿನ ಭಕ್ತ ಸಮುದಾಯಗಳಲ್ಲಿ, ಕಾಣುವ ಸ್ಥಿತಿ ಇದು. ಭಾನುವಾರದ ಆರಾಧನೆ, ಮದುವೆ, ದೀಕ್ಷಾಸ್ನಾನ, ಮಣ್ಣು ಇವು ಯಾವುವೂ ತಪ್ಪುವುದಿಲ್ಲ. ಲಕ್ವಾ ಹೊಡೆದು ಆರು ತಿಂಗಳಿಂದ ಹಾಸಿಗೆ ಹಿಡಿದವರ ಮನೆ ತಪ್ಪುತ್ತದೆ. ಗಂಡ ತೀರಿ ಮೂರು ತಿಂಗಳಾದ ಹೆಣ್ಣುಮಗಳ ಮನೆ ತಪ್ಪುತ್ತದೆ. ಮಗ, ಸೊಸೆ ಗೋವಾಕ್ಕೆ ದುಡಿಯಲು ಹೋಗಿ ಒಬ್ಬಳೇ ಉಳಿದ ಆಯಿಯ ಮನೆ ತಪ್ಪುತ್ತದೆ. ಈ ಮನೆಗಳ ಬಾಗಿಲಿಗೆ ಹೋಗಬಲ್ಲ ಹತ್ತು ಜನರನ್ನು ಸಭೆಯೊಳಗಿಂದಲೇ ತಯಾರು ಮಾಡುವ ಕ್ರಮವನ್ನು ಇಲ್ಲಿ ವಿವರಿಸಿದ್ದೇವೆ.

ಒಂದು ಮಾತನ್ನು ಮೊದಲೇ ಹೇಳಬೇಕು. ಎರಡು ದಿನದ ಶಿಬಿರ ಮಾಡಿ, ಪ್ರಮಾಣಪತ್ರ ಕೊಟ್ಟು, ಫೋಟೋ ತೆಗೆಸಿಕೊಂಡರೆ ಈ ಸೇವೆ ಬಾಳುವುದಿಲ್ಲ. ತರಗತಿ ಮುಗಿದ ಮೇಲೆ ತಿಂಗಳಿಗೊಮ್ಮೆ ಕೂತು ಭೇಟಿಗಳನ್ನು ಪರಿಶೀಲಿಸುವ ವ್ಯವಸ್ಥೆ ಇದ್ದರಷ್ಟೇ ಬಾಳುತ್ತದೆ. ಆ ತಿಂಗಳ ಪರಿಶೀಲನೆಯನ್ನು ನಡೆಸಲು ಆಗದಿದ್ದರೆ ತರಬೇತಿಯನ್ನು ಶುರುವೇ ಮಾಡಬೇಡಿ.

ಹಂತ 1: ಸೇವೆಯ ಎಲ್ಲೆಯನ್ನು ಬರೆದಿಡಿ

ಸ್ವಯಂಸೇವಕರ ಕೆಲಸ ಇಷ್ಟು: ಹೋಗುವುದು, ಕೂಡುವುದು, ಕೇಳುವುದು, ಅವರು ಒಪ್ಪಿದರೆ ಪ್ರಾರ್ಥಿಸುವುದು, ಮತ್ತೆ ಬರುತ್ತೇವೆಂದು ಹೇಳಿದ ದಿನ ಮತ್ತೆ ಹೋಗುವುದು, ಗುರುಗಳಿಗೆ ತಿಳಿಸಬೇಕಾದ್ದನ್ನು ತಿಳಿಸುವುದು. ಔಷಧದ ಸಲಹೆ, ಆಸ್ತಿ ಜಗಳದ ಪಂಚಾಯ್ತಿ, ಸಾಲ ಕೊಡುವುದು, ಸಂಬಂಧ ಕುದುರಿಸುವುದು, ದೆವ್ವ ಬಿಡಿಸುವುದು ಇದರಲ್ಲಿ ಬರುವುದಿಲ್ಲ. ಈ ಪಟ್ಟಿಯನ್ನು ಒಂದೇ ಪುಟದಲ್ಲಿ ಬರೆದು ಪ್ರತಿಯೊಬ್ಬರ ಸಹಿ ಪಡೆಯಿರಿ.

ಸಂಸ್ಕಾರಗಳ, ಅಂದರೆ ಚರ್ಚಿನ ಪವಿತ್ರ ವಿಧಿಗಳ, ಎಲ್ಲೆಯೂ ಸ್ಪಷ್ಟವಾಗಿರಬೇಕು. ಕಥೋಲಿಕ ಸಭೆಯಲ್ಲಿ ಪಾಪನಿವೇದನೆ ಕೇಳುವುದು, ಅಸ್ವಸ್ಥರಿಗೆ ತೈಲಲೇಪನ ಮಾಡುವುದು ಗುರುಗಳಿಗೆ ಮಾತ್ರ ಸೇರಿದ್ದು. ರೋಗಿಗಳ ಮನೆಗೆ ಪರಮಪ್ರಸಾದ (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ) ಒಯ್ಯಲು ಗುರುಗಳಲ್ಲದ ಶ್ರೀಸಾಮಾನ್ಯರಿಗೆ ವಿಶೇಷ ಅನುಮತಿ ಬೇಕು; ಭೇಟಿಯ ತರಬೇತಿ ಪಡೆದ ಮಾತ್ರಕ್ಕೆ ಅದು ತಾನಾಗಿ ಸಿಗುವುದಿಲ್ಲ. ಸಿ.ಎಸ್.ಐ. ಮತ್ತು ಮೆಥಡಿಸ್ಟ್ ಸಭೆಗಳಲ್ಲೂ ಕರ್ತನ ಭೋಜನ ನಡೆಸಿಕೊಡುವವರು ದೀಕ್ಷೆ ಪಡೆದ ಸಭಾಪಾಲಕರೇ. ಹೀಗಾಗಿ ಸಂಸ್ಕಾರದ ಆಸೆ ಕಂಡ ಮನೆಯ ಸುದ್ದಿಯನ್ನು ಅದೇ ದಿನ ಗುರುಗಳಿಗೆ ಮುಟ್ಟಿಸುವುದು ಸ್ವಯಂಸೇವಕರ ಪಾಲಿನ ಕೆಲಸ.

ಅನುಮತಿಯ ದಾರಿ ಜಿಲ್ಲೆಗೆ ತಕ್ಕಂತೆ ಬೇರೆ. ಬೆಳಗಾವಿ, ಬಾಗಲಕೋಟೆಯ ಕಥೋಲಿಕ ಧರ್ಮಕೇಂದ್ರಗಳು 1953ರಲ್ಲಿ ಸ್ಥಾಪನೆಯಾದ ಬೆಳಗಾವಿ ಧರ್ಮಪ್ರಾಂತ್ಯಕ್ಕೆ (ಬಿಷಪರ ಆಡಳಿತ ವ್ಯಾಪ್ತಿಗೆ) ಸೇರಿದರೆ, ವಿಜಯಪುರ ಜಿಲ್ಲೆ 2005ರಲ್ಲಿ ರಚನೆಯಾದ ಕಲಬುರಗಿ ಧರ್ಮಪ್ರಾಂತ್ಯದಲ್ಲಿದೆ. ಸಿ.ಎಸ್.ಐ. ಸಭೆಗಳಿಗೆ ಧಾರವಾಡದ ಉತ್ತರ ಕರ್ನಾಟಕ ಡಯಾಸಿಸ್. ಪಾಲನಾ ಸಮಿತಿ ಅಥವಾ ಪಾಸ್ಟರೇಟ್ ಕಮಿಟಿಯ ನಿರ್ಣಯವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಮೇಲಿನವರಿಗೆ ತಿಳಿಸಿಯೇ ಮುಂದುವರಿಯಿರಿ.

ಹಂತ 2: ಜನರನ್ನು ಆರಿಸಿ, ಕೈ ಎತ್ತಿದವರನ್ನೆಲ್ಲ ಸೇರಿಸಬೇಡಿ

ಬೈಬಲಿನ ವಿಮೋಚನಕಾಂಡ 18ರಲ್ಲಿ ಮಾವನಾದ ಇತ್ರೋನನು ಮೋಶೆಗೆ ಕೆಲಸ ಹಂಚಲು ಹೇಳುವಾಗ ಎಂಥವರನ್ನು ಆರಿಸಬೇಕೆಂದು ಕೂಡಲೇ ಸೇರಿಸುತ್ತಾನೆ: ದೇವರಿಗೆ ಅಂಜುವವರು, ನಂಬಿಗಸ್ತರು, ಲಂಚವನ್ನು ಹಗೆಮಾಡುವವರು. ಹತ್ತು ಜನರಿಗೊಬ್ಬ ಎಂಬ ಕೊನೆಯ ಹಂತದ ಲೆಕ್ಕವೂ ಅಲ್ಲೇ ಇದೆ. ಮನೆಭೇಟಿಗೆ ಅಷ್ಟು ಸಹ ಬೇಡ, ಒಂದು ಜೋಡಿಗೆ ನಾಲ್ಕು ಮನೆ ಸಾಕು. ಐದು ಜೋಡಿ ಎಂದರೆ 20 ಮನೆ. ಬಹಳಷ್ಟು ಸಭೆಗಳ ನಿಜವಾದ ಅಗತ್ಯ ಇದಕ್ಕಿಂತ ಹೆಚ್ಚಿರುವುದಿಲ್ಲ.

ಪ್ರವಚನ ಮಂಚದಿಂದ ಬಹಿರಂಗ ಕರೆ ಕೊಡಬೇಡಿ. ಕೊಟ್ಟರೆ ಮೊದಲು ಕೈ ಎತ್ತುವವರು ಮಾತಿನಲ್ಲಿ ಮುಂದಿರುವವರು. ಆಮೇಲೆ ಅವರನ್ನು ಬೇಡವೆನ್ನುವುದು ಮನಸ್ತಾಪಕ್ಕೆ ದಾರಿ. ಗುರುಗಳು, ಒಬ್ಬ ಸಿಸ್ಟರ್ (ಸನ್ಯಾಸಿನಿ) ಅಥವಾ ಹಿರಿಯರು, ಮಹಿಳಾ ಸಂಘದ ಒಬ್ಬರು, ಹೀಗೆ ಮೂವರು ಕೂತು 15 ಹೆಸರು ಬರೆದು, ಒಬ್ಬೊಬ್ಬರನ್ನೇ ಅರ್ಧ ಗಂಟೆ ಮಾತಾಡಿಸಿ, 10ರಿಂದ 12 ಜನರನ್ನು ಉಳಿಸಿಕೊಳ್ಳಿ. ಅರ್ಧಕ್ಕಿಂತ ಹೆಚ್ಚು ಹೆಂಗಸರಿರಲಿ. ಹಗಲು ಹೊತ್ತು ಮನೆಯಲ್ಲಿ ಸಿಗುವವರಲ್ಲಿ ಹೆಂಗಸರು, ವೃದ್ಧರೇ ಹೆಚ್ಚು.

ಮಾತುಕತೆಯಲ್ಲಿ ಮೂರು ಸಂಗತಿ ನೋಡಿ. ಬೇರೆಯವರ ಮನೆಯ ವಿಷಯವನ್ನು ನಿಮ್ಮ ಮುಂದೆ ಆಡಿದರೆ, ನಾಳೆ ಇನ್ನೊಬ್ಬರ ಮುಂದೆಯೂ ಆಡುತ್ತಾರೆ. ಕಳೆದ ಒಂದು ವರ್ಷದೊಳಗೆ ಗಂಡನನ್ನೋ ಹೆಂಡತಿಯನ್ನೋ ಮಗುವನ್ನೋ ಕಳೆದುಕೊಂಡವರನ್ನು ಈ ಸಲ ಸೇರಿಸಬೇಡಿ. ಅವರ ಗಾಯ ಇನ್ನೂ ಹಸಿ, ಮುಂದಿನ ವರ್ಷ ಅವರೇ ಎಲ್ಲರಿಗಿಂತ ಒಳ್ಳೆಯ ಕೇಳುಗರಾಗಬಹುದು. ಸಭೆಯ ಚುನಾವಣೆಯಲ್ಲಿ ಒಂದು ಬಣಕ್ಕೆ ಬಹಿರಂಗವಾಗಿ ಓಡಾಡಿದವರಿಗೆ ಇನ್ನೊಂದು ಬಣದ ಮನೆಯ ಬಾಗಿಲು ತೆರೆಯುವುದಿಲ್ಲ.

ಭಾಷೆಯನ್ನೂ ಗಮನಿಸಿ. ಖಾನಾಪುರದ ಕಡೆ ಕೊಂಕಣಿ, ಬೆಳಗಾವಿ ನಗರದಲ್ಲಿ ಮರಾಠಿ ಮನೆಮಾತಾಗಿರುವ ಕುಟುಂಬಗಳಿವೆ. ನೋವಿನಲ್ಲಿರುವವರು ಮನೆಮಾತಿನಲ್ಲೇ ಅಳುತ್ತಾರೆ. ಅದನ್ನು ಬಲ್ಲ ಒಬ್ಬರಾದರೂ ಗುಂಪಿನಲ್ಲಿರಲಿ.

ಹಂತ 3: ಕಾಲ ಮತ್ತು ತಾಸು

ಜೂನ್ ಎರಡನೇ ವಾರದಿಂದ ಆಗಸ್ಟ್ ತನಕ ಒಳ್ಳೆಯ ಕಾಲ. ದೀಪಾವಳಿಯ ಹೊತ್ತಿಗೆ ಕಬ್ಬು ನುರಿಸುವ ಹಂಗಾಮು ಶುರುವಾಗಿ ಕಡಿಯಲು ಹೋಗುವ ಕುಟುಂಬಗಳು ಊರು ಬಿಡುತ್ತವೆ. ಡಿಸೆಂಬರಿನಲ್ಲಿ ಕ್ರಿಸ್ಮಸ್ ತಯಾರಿ, ಆಮೇಲೆ ಜೋಳದ ಕೊಯ್ಲು, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ. ಭಾನುವಾರ ಆರಾಧನೆ ಮುಗಿಸಿ ಮನೆಗೆ ಹೋಗಿ ಊಟ ಮಾಡಿ ಬರಲು ಅನುಕೂಲವಾಗುವಂತೆ ಮಧ್ಯಾಹ್ನ 2.30ರಿಂದ 5.30 ಇಟ್ಟುಕೊಳ್ಳಿ. ಹಳ್ಳಿಯ ಕೊನೆಯ ಬಸ್ಸಿನ ವೇಳೆ ಕೇಳಿಯೇ ಮುಗಿಸುವ ಹೊತ್ತನ್ನು ಗೊತ್ತುಮಾಡಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಹಣ ಬೇಕಿಲ್ಲ. ಗಂಡಸರ ಬಸ್ ಚಾರ್ಜನ್ನು ಸಭೆಯೇ ಕೊಡಬೇಕು. ಬಡವರಾದ ಸ್ವಯಂಸೇವಕರು ಕೈಯಿಂದ ಖರ್ಚು ಮಾಡಿ ಬರುವಂತಾದರೆ ಮೂರನೇ ವಾರಕ್ಕೆ ನಿಂತುಹೋಗುತ್ತಾರೆ, ಕಾರಣವನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ.

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 1975ರಲ್ಲಿ ಪಾಸ್ಟರ್ ಹಾಗೂ ಮನಶ್ಶಾಸ್ತ್ರಜ್ಞ ಕೆನೆತ್ ಹಾಕ್ ಆರಂಭಿಸಿದ ಸ್ಟೀಫನ್ ಮಿನಿಸ್ಟ್ರಿ ಇಂಥ ಸ್ವಯಂಸೇವಕರಿಗೆ 50 ತಾಸಿನ ತರಬೇತಿ ಕೊಡುತ್ತದೆ. ಕೂಲಿ, ನೇಕಾರಿಕೆ, ಹೊಲದ ಕೆಲಸ ಮಾಡುವವರಿಗೆ ಅಷ್ಟನ್ನು ಒಟ್ಟಿಗೆ ಕೊಡುವುದು ಕಷ್ಟ. 3 ತಾಸಿನ 8 ತರಗತಿ ಎಂದರೆ 24 ತಾಸು. ಆಮೇಲೆ ವರ್ಷವಿಡೀ ತಿಂಗಳಿಗೆ 2 ತಾಸಿನ ಪರಿಶೀಲನೆ ಎಂದರೆ ಇನ್ನೂ 24. ವರ್ಷ ತುಂಬುವಾಗ ಹೆಚ್ಚುಕಡಿಮೆ ಅಲ್ಲಿಗೇ ಬಂದು ನಿಲ್ಲುತ್ತೇವೆ, ಅದೂ ಅರ್ಧ ಕಲಿಕೆ ನಿಜವಾದ ಮನೆಗಳಿಂದ ಬಂದದ್ದಾಗಿ.

ಹಂತ 4: ಮೊದಲ ನಾಲ್ಕು ತರಗತಿ, ಕೇಳುವುದನ್ನು ಕಲಿಸಲು

ಎಂಟರಲ್ಲಿ ನಾಲ್ಕನ್ನು ಕೇಳುವುದಕ್ಕೇ ಮೀಸಲಿಡಿ, ಉಳಿದವು ಹಂತ 5 ಮತ್ತು 6ರ ವಿಷಯಗಳಿಗೆ. ಹೆಚ್ಚೆನಿಸಬಹುದು. ಆದರೆ ನಮ್ಮ ಸಭೆಗಳಲ್ಲಿ ಭಕ್ತರೆಂದರೆ ಚೆನ್ನಾಗಿ ಪ್ರಾರ್ಥಿಸುವವರು, ವಚನ ಬಾಯಿಪಾಠ ಬಲ್ಲವರು ಎಂಬ ಎಣಿಕೆ ಬಲವಾಗಿದೆ. ಹೀಗಾಗಿ ರೋಗಿ ಎರಡು ಮಾತು ಆಡುವಷ್ಟರಲ್ಲಿ ಇವರ ಹತ್ತು ಮಾತು ಆಗಿರುತ್ತದೆ. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ನೆಲದ ಮೇಲೆ ಸುಮ್ಮನೆ ಅವನ ಜೊತೆ ಕೂತಿದ್ದರು. ಅವರ ತಪ್ಪು ಶುರುವಾದದ್ದು ಬಾಯಿ ತೆರೆದ ಮೇಲೆ. ಮೊದಲ ತರಗತಿಯನ್ನು ಯೋಬನ ಎರಡನೇ ಅಧ್ಯಾಯದ ಕೊನೆಯ ಮೂರು ವಚನಗಳಿಂದ ಆರಂಭಿಸಿ.

ಅಭ್ಯಾಸದ ಕ್ರಮ ಹೀಗೆ. ಮೂವರ ಗುಂಪು ಮಾಡಿ: ಒಬ್ಬರು ಹೇಳುವವರು, ಒಬ್ಬರು ಕೇಳುವವರು, ಒಬ್ಬರು ನೋಡುವವರು. 7 ನಿಮಿಷ ಮಾತು, 3 ನಿಮಿಷ ನೋಡುವವರ ವರದಿ, ಆಮೇಲೆ ಪಾತ್ರ ಬದಲು. ಅರ್ಧ ಗಂಟೆಯಲ್ಲಿ ಮೂವರಿಗೂ ಸರದಿ ಬರುತ್ತದೆ. ಸನ್ನಿವೇಶಗಳನ್ನು ಚೀಟಿಯಲ್ಲಿ ಬರೆದಿಡಿ: ಮಗಳು ಅನ್ಯಜಾತಿಯವನ ಜೊತೆ ಹೋದ ತಂದೆ, ಡಯಾಲಿಸಿಸ್‌ಗೆ ಓಡಾಡುವ ಅಜ್ಜ, ಬೆಳೆ ನೀರು ಪಾಲಾದ ರೈತ, ಮಕ್ಕಳಾಗಿಲ್ಲವೆಂದು ಮಾತು ಕೇಳಿಸಿಕೊಳ್ಳುವ ಸೊಸೆ. ಯಾರೂ ತಮ್ಮ ಸ್ವಂತ ಹಸಿ ನೋವನ್ನು ಅಭ್ಯಾಸಕ್ಕೆ ತರಬಾರದು. ತಂದರೆ ತರಗತಿ ಅಲ್ಲಿಗೇ ನಿಲ್ಲುತ್ತದೆ, ಅವರಿಗೂ ನ್ಯಾಯ ಸಿಗುವುದಿಲ್ಲ.

ನೋಡುವವರು ಎಣಿಸಿ ಬರೆಯಬೇಕು: ಕೇಳುವವರು ಎಷ್ಟು ಪ್ರಶ್ನೆ ಹಾಕಿದರು, ‘ನಮ್ಮ ಮನೆಯಾಗೂ ಹಿಂಗ ಆಗಿತ್ರಿ’ ಎಂದು ತಮ್ಮ ಕಥೆಗೆ ಎಷ್ಟು ಸಲ ತಿರುಗಿದರು, ಮೊದಲ ಬುದ್ಧಿಮಾತು ಎಷ್ಟನೇ ನಿಮಿಷಕ್ಕೆ ಬಂತು. ‘ಚೆನ್ನಾಗಿ ಕೇಳಿದಿರಿ’ ಎಂಬ ಹೊಗಳಿಕೆಯಿಂದ ಏನೂ ಕಲಿಯಲಾಗದು. ‘ಎರಡನೇ ನಿಮಿಷಕ್ಕೇ ಬುದ್ಧಿ ಹೇಳಿದ್ರಿ’ ಎಂದರೆ ಮುಂದಿನ ಸಲ ತಾನಾಗಿಯೇ ತಡೆದುಕೊಳ್ಳುತ್ತಾರೆ.

ಇನ್ನೊಂದು ಅಭ್ಯಾಸ ಮೌನದ್ದು. ಎದುರಿನವರು ಮಾತು ನಿಲ್ಲಿಸಿದಾಗ ಮನಸ್ಸಿನಲ್ಲೇ ಹತ್ತು ಎಣಿಸುವ ತನಕ ಏನೂ ಹೇಳಬಾರದು. ಹೆಚ್ಚಿನವರಿಗೆ ನಾಲ್ಕಕ್ಕೇ ಚಡಪಡಿಕೆ ಶುರುವಾಗುತ್ತದೆ. ಮುಖ್ಯವಾದ ಮಾತು ಬರುವುದು ಆ ಮೌನದ ಆಚೆಗೆ, ಆದ್ದರಿಂದ ಇದನ್ನು ಪ್ರತಿ ತರಗತಿಯಲ್ಲೂ ಮಾಡಿಸಿ.

ಆಡಬಾರದ ಮಾತುಗಳನ್ನು ಹಲಗೆಯ ಮೇಲೆ ಬರೆದು, ಯಾಕೆಂದು ಚರ್ಚಿಸಿ. ‘ದೇವರ ಚಿತ್ತ’ ಎಂದರೆ ಮಗು ಕಳೆದುಕೊಂಡ ತಾಯಿಗೆ ದೇವರೇ ಕೊಂದನೆಂದು ಕೇಳಿಸುತ್ತದೆ. ‘ನಂಬಿಕಿ ಕಡಿಮಿ ಆಗೇತಿ’ ಎಂದರೆ ರೋಗದ ಮೇಲೆ ಅಪರಾಧದ ಭಾರ. ‘ಅಳಬ್ಯಾಡ್ರಿ’ ಎಂದರೆ ನಿಮ್ಮ ಅಳು ನನಗೆ ತಡೆಯಲಾಗದು ಎಂದ ಹಾಗೆ. ಬದಲಿಗೆ ಸಾಕಾಗುವ ಮಾತುಗಳು ಸಣ್ಣವು: ‘ಹೌದ್ರಿ ಅಕ್ಕಾರ.’ ‘ಆಮ್ಯಾಲೆ ಏನಾತ್ರಿ?’ ‘ರಾತ್ರಿ ಭಾಳ ತ್ರಾಸ ಅನಸತೈತೇನ್ರಿ ಕಾಕಾ?’

ನಾಲ್ಕನೇ ತರಗತಿ ಊರ ಮಾತಿನ ಒಳಗಿನ ನೋವನ್ನು ಗುರುತಿಸಲು. ನಮ್ಮ ಕಡೆ ಯಾರೂ ‘ನನಗೆ ಖಿನ್ನತೆ’ ಎನ್ನುವುದಿಲ್ಲ. ‘ನಿದ್ದಿ ಹತ್ತವಲ್ದು’, ‘ಊಟ ಸೇರವಲ್ದು’, ‘ಕೈಕಾಲು ಹರೀತಾವ’, ‘ಯಾವುದ್ರಾಗೂ ಮನಸಿಲ್ಲ’ ಎನ್ನುತ್ತಾರೆ. ಇವು ಎರಡು ವಾರಕ್ಕೂ ಮೀರಿ ಇದ್ದರೆ ವೈದ್ಯರನ್ನು ಕಾಣಲು ಹೇಳಬೇಕು. ‘ಗಾಳಿ ಬಡದೈತಿ’, ‘ಯಾರೋ ಮಾಡಿಸ್ಯಾರ’ ಎಂದವರ ಜೊತೆ ವಾದವೂ ಬೇಡ, ಹೂಂಗುಟ್ಟುವುದೂ ಬೇಡ. ‘ಯಾವಾಗಿಂದ ಹಿಂಗ ಅನಸಾಕ ಹತ್ತೈತ್ರಿ?’ ಎಂದು ಕೇಳಿದರೆ ನಿಜವಾದ ಕಥೆ ಹೊರಬರುತ್ತದೆ.

ಹಂತ 5: ಭೇಟಿಯ ನಡಾವಳಿ

ಯೇಸು ಶಿಷ್ಯರನ್ನು ಇಬ್ಬಿಬ್ಬರಾಗಿ ಕಳಿಸಿದ. ಈ ಸೇವೆಗೂ ಅದೇ ನಿಯಮ, ರಿಯಾಯಿತಿ ಇಲ್ಲದೆ. ಒಬ್ಬರೇ ಹೋದರೆ ಮಾತು ಹುಟ್ಟುತ್ತದೆ, ಆಪಾದನೆ ಬಂದರೆ ಸಾಕ್ಷಿ ಇರುವುದಿಲ್ಲ. ಹೆಣ್ಣುಮಗಳು ಒಬ್ಬಳೇ ಇರುವ ಮನೆಗೆ ಇಬ್ಬರು ಗಂಡಸರ ಜೋಡಿಯನ್ನು ಕಳಿಸಬೇಡಿ. ಕದ ತೆರೆದೇ ಇರಲಿ.

ಹೋಗುವ ಮುಂಚೆ ಫೋನ್ ಮಾಡಿ ಕೇಳಿ. ಮನೆಯಲ್ಲಿ 20ರಿಂದ 30 ನಿಮಿಷ. ಒಂದು ಕಪ್ ಚಹಾ ಬೇಡವೆಂದರೆ ಬೇಸರವಾಗುತ್ತದೆ, ಕುಡಿಯಿರಿ. ಊಟಕ್ಕೆ ಕೂಡಬೇಡಿ, ಇಲ್ಲವಾದರೆ ಮುಂದಿನ ಭೇಟಿ ಆ ಮನೆಗೆ ಖರ್ಚಾಗಿ ಕಾಣುತ್ತದೆ. ಹಣ್ಣು, ಹಣ, ಹಾರ್ಲಿಕ್ಸ್ ಒಯ್ಯುವ ರೂಢಿಯನ್ನು ಮೊದಲ ದಿನದಿಂದಲೇ ಬಿಡಿ. ಒಂದು ಮನೆಗೆ ಒಯ್ದದ್ದು ಇನ್ನೊಂದು ಮನೆಗೆ ತಿಳಿಯದೆ ಇರದು. ನಿಜವಾದ ಹಣದ ಅಡಚಣೆ ಕಂಡರೆ ಸಭೆಯ ಬಡವರ ನಿಧಿಗೆ ತಿಳಿಸಿ, ಕೊಡುವುದನ್ನು ಕಮಿಟಿ ಕೊಡಲಿ.

ಆಸ್ಪತ್ರೆಯ ನಿಯಮ ಬೇರೆ. ಬೆಳಗಾವಿಯ ಬಿಮ್ಸ್ ಆಗಲಿ, ಕೆಎಲ್‌ಇ ಆಗಲಿ, ವಿಜಯಪುರದ ಬಿಎಲ್‌ಡಿಇ ಆಗಲಿ, ಬಾಗಲಕೋಟೆಯ ಕುಮಾರೇಶ್ವರ ಆಸ್ಪತ್ರೆಯಾಗಲಿ, ಭೇಟಿಯ ವೇಳೆಯನ್ನು ಕೇಳಿಕೊಂಡೇ ಹೋಗಿ. ವಾರ್ಡಿನಲ್ಲಿ 10 ನಿಮಿಷ ಮೀರಬಾರದು. ಒಳಗೆ ಹೋಗುವ ಮುನ್ನ, ಹೊರಬಂದ ಮೇಲೆ ಕೈ ತೊಳೆಯಿರಿ. ಮಂಚದ ಮೇಲೆ ಕೂಡಬೇಡಿ, ಸ್ಟೂಲು ಎಳೆದುಕೊಂಡು ರೋಗಿಯ ಕಣ್ಣಿನ ಮಟ್ಟಕ್ಕೆ ಕೂತುಕೊಳ್ಳಿ. ವೈದ್ಯರು ಬಂದರೆ ಹೇಳಿಸಿಕೊಳ್ಳದೆ ಎದ್ದು ಹೊರಗೆ ಬನ್ನಿ. ಪಕ್ಕದ ಹಾಸಿಗೆಯ ರೋಗಿಗೆ ಪ್ರಾರ್ಥಿಸುವುದು, ಕರಪತ್ರ ಕೊಡುವುದು ಖಂಡಿತ ಕೂಡದು. ನೀವು ಬಂದಿರುವುದು ನಿಮ್ಮ ಸಭೆಯ ಒಬ್ಬರನ್ನು ನೋಡಲು. ಸ್ವಂತ ಸಭೆಯವರಾದರೂ ಮನೆಮಂದಿಯಲ್ಲಿ ಬೇರೆ ಧರ್ಮದವರಿದ್ದರೆ ಅವರನ್ನು ಕೇಳಿಯೇ ಪ್ರಾರ್ಥಿಸಿ.

ಪ್ರಾರ್ಥನೆಗೂ ಅನುಮತಿ ಬೇಕು. ಮಾರ್ಕನ ಸುವಾರ್ತೆಯ ಹತ್ತನೇ ಅಧ್ಯಾಯದಲ್ಲಿ ಕುರುಡ ಬಾರ್ತಿಮಾಯನನ್ನು ಯೇಸು ಏನು ಮಾಡಬೇಕೆಂದು ಮೊದಲು ಕೇಳುತ್ತಾನೆ. ‘ಪ್ರಾರ್ಥನಾ ಮಾಡೋಣೇನ್ರಿ ಆಯಿ? ಏನಂತ ಕೇಳೂಣ್ರಿ?’ ಎಂದು ಕೇಳಿ, ಅವರು ಹೇಳಿದ್ದನ್ನೇ ಅವರ ಮಾತಿನಲ್ಲೇ ದೇವರ ಮುಂದಿಡಿ. ಎರಡು ನಿಮಿಷ ಸಾಕು. ಓದಲು ಚಿಕ್ಕ ಕೀರ್ತನೆ ಆರಿಸಿ: 23ಕ್ಕೆ ಆರೇ ವಚನ, 121ಕ್ಕೆ ಎಂಟು. ಸಿಟ್ಟು, ದುಃಖ ತುಂಬಿದವರಿಗೆ 13 ಸರಿ. ಎಷ್ಟು ಕಾಲ ನನ್ನನ್ನು ಮರೆತಿರುವೆ ಎಂದು ದೇವರನ್ನೇ ಕೇಳುವ ಕೀರ್ತನೆ ಅದು.

ಔಷಧದ ಬಗ್ಗೆ ಒಂದೇ ನಿಯಮ: ವೈದ್ಯರು ಕೊಟ್ಟ ಗುಳಿಗೆಯನ್ನು ಬಿಡಲು ಯಾರೂ ಹೇಳುವಂತಿಲ್ಲ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ಎರಡನೇ ತಿಂಗಳಿಗೆ ಕೆಮ್ಮು ನಿಂತಿತೆಂದು, ಪ್ರಾರ್ಥನೆಯಿಂದ ಗುಣವಾಯಿತೆಂದು ಬಿಟ್ಟರೆ ಔಷಧಕ್ಕೂ ಬಗ್ಗದ ಕ್ಷಯ ಬರಬಹುದು. ಮೂರ್ಛೆರೋಗದ ಗುಳಿಗೆ ತಟ್ಟನೆ ನಿಂತರೆ ಪ್ರಾಣಕ್ಕೇ ಅಪಾಯ. ಈ ನಿಯಮ ಮುರಿದವರನ್ನು ಸೇವೆಯಿಂದ ಬಿಡಿಸಿ.

ಸಾವಿನ ಮನೆಗೆ ಪ್ರತ್ಯೇಕ ಕ್ಯಾಲೆಂಡರ್ ಬೇಕು. ಮಣ್ಣಿನ ದಿನ ಊರೇ ಬರುತ್ತದೆ. ನಲವತ್ತು ದಿನ ಕಳೆದ ಮೇಲೆ ಯಾರೂ ಬರುವುದಿಲ್ಲ, ಆಗಲೇ ಸಂಕಟ ಹೆಚ್ಚು. ಒಂದು ವಾರ, ಒಂದು ತಿಂಗಳು, ಮೂರು ತಿಂಗಳು, ಆರು ತಿಂಗಳು, ಮೊದಲ ಕ್ರಿಸ್ಮಸ್, ಕಥೋಲಿಕರಲ್ಲಿ ನವೆಂಬರ್ 2ರ ಮೃತರ ಸ್ಮರಣೆ, ವರ್ಷದ ದಿನ: ಈ ತಾರೀಖುಗಳನ್ನು ಮಣ್ಣಾದ ವಾರವೇ ಬರೆದಿಡಿ. ಕಾಗದಪತ್ರದ ನೆರವೂ ಪಾಲನೆಯೇ. ಮರಣವನ್ನು 21 ದಿನದೊಳಗೆ ನೋಂದಾಯಿಸಬೇಕು. ವಿಧವಾ ವೇತನದ ಅರ್ಜಿಗೆ ನಾಡಕಚೇರಿಗೆ ಜೊತೆಗೆ ಹೋಗಿ. ಓದು ಬಾರದ ಹೆಣ್ಣುಮಗಳಿಗೆ ಆ ಸರದಿಯಲ್ಲಿ ಪಕ್ಕಕ್ಕೆ ನಿಂತವರು ಬಹಳ ಕಾಲ ನೆನಪಿರುತ್ತಾರೆ.

ಹಂತ 6: ಗುಟ್ಟು ಎಲ್ಲಿ ನಿಲ್ಲುತ್ತದೆ

ಕೇಳಿದ್ದು ಹೊರಗೆ ಹೋಗಬಾರದು, ಗಂಡ ಹೆಂಡತಿಗೂ ಹೇಳಬಾರದು, ಪ್ರಾರ್ಥನಾ ಕೂಟದಲ್ಲಿ ‘ಇಂಥವರಿಗಾಗಿ ಪ್ರಾರ್ಥಿಸೋಣ’ ಎಂಬ ನೆಪದಲ್ಲೂ ಹೊರಗೆ ಬರಬಾರದು. ವಾಟ್ಸ್ಆ್ಯಪ್ ಗುಂಪಂತೂ ಬೇಡವೇ ಬೇಡ. ಆದರೆ ‘ಯಾರಿಗೂ ಹೇಳೂದಿಲ್ಲ’ ಎಂದು ಪೂರಾ ಮಾತು ಕೊಡಲೂಬಾರದು. ಪಾಪನಿವೇದನೆಯ ಗೌಪ್ಯತೆ ಗುರುಗಳದ್ದು, ಸ್ವಯಂಸೇವಕರಿಗೆ ಅದು ಅನ್ವಯಿಸುವುದಿಲ್ಲ. ಮೂರು ಸಂದರ್ಭದಲ್ಲಿ ಹೇಳಲೇಬೇಕು: ತಮ್ಮ ಜೀವಕ್ಕೆ ಅಪಾಯ, ಇನ್ನೊಬ್ಬರ ಜೀವಕ್ಕೆ ಅಪಾಯ, ಮಗುವಿನ ಮೇಲೆ ದೌರ್ಜನ್ಯ.

‘ನಾ ಇದ್ರೆಷ್ಟು, ಹೋದ್ರೆಷ್ಟು’ ಎಂಬಂಥ ಮಾತು ಕೇಳಿದರೆ ತಳ್ಳಿಹಾಕದೆ ನೇರವಾಗಿ ಕೇಳಿ: ‘ಜೀವಾ ಕಳಕೊಬೇಕು ಅನ್ನೂ ವಿಚಾರ ಏನರ ಬಂದೈತೇನ್ರಿ?’ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೊತ್ತವರಿಗೆ ಇಳಿಸಲು ಜಾಗ ಸಿಗುತ್ತದೆ. ಹೌದೆಂದರೆ ಒಬ್ಬರನ್ನೇ ಬಿಟ್ಟು ಬರಬೇಡಿ. ಜೋಡಿಯಲ್ಲಿ ಒಬ್ಬರು ಅಲ್ಲೇ ಕೂಡಲಿ, ಇನ್ನೊಬ್ಬರು ಮನೆಯವರನ್ನೂ ಗುರುಗಳನ್ನೂ ಕರೆಸಲಿ. ಬೆಳೆಗೆ ಹೊಡೆಯುವ ಎಣ್ಣೆಯ (ಕೀಟನಾಶಕದ) ಬಾಟಲಿ ಮನೆಯಲ್ಲಿದ್ದರೆ ಆಚೆ ಸಾಗಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು, ಅಗತ್ಯವಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನವರು ಇದ್ದಾರೆ. ಆ ಕೀಟನಾಶಕ ಕುಡಿದೇಬಿಟ್ಟಿದ್ದರೆ 108ಕ್ಕೆ ಕರೆ ಮಾಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಬಾಟಲಿಯನ್ನು ಆಸ್ಪತ್ರೆಗೆ ಜೊತೆಗೊಯ್ಯಿರಿ. ಪೊಲೀಸ್ ಕೇಸಿನ ಭಯದಿಂದ ಮುಚ್ಚಿಡುವ ಮನೆಗಳಿಗೆ 2017ರ ಮಾನಸಿಕ ಆರೋಗ್ಯ ಕಾಯ್ದೆಯನ್ನು ತಿಳಿಸಿ: ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಕಾನೂನು ಭಾವಿಸುತ್ತದೆ.

ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ಪೊಲೀಸರಿಗೆ ತಿಳಿಸುವುದು ಎಲ್ಲರ ಕರ್ತವ್ಯ. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಮಗುವನ್ನು ಮತ್ತೆ ಮತ್ತೆ ಕೆದಕಿ ಕೇಳಬೇಡಿ, ಆರೋಪಿಯನ್ನು ಕರೆಸಿ ವಿಚಾರಿಸಬೇಡಿ. ಆತ ಸಭೆಯ ಹಿರಿಯನೇ ಆಗಿರಲಿ, ಗುರುವೇ ಆಗಿರಲಿ, ಒಳಗೊಳಗೇ ಇತ್ಯರ್ಥ ಮಾಡುವಂತಿಲ್ಲ. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112, ಹೊಡೆತ ತಿನ್ನುವ ಹೆಣ್ಣುಮಕ್ಕಳಿಗೆ 181, ಕುಡಿತ ಬಿಡಿಸಲು 14446. ಈ ಸಂಖ್ಯೆಗಳ ಚೀಟಿ ಪ್ರತಿಯೊಬ್ಬರ ಚೀಲದಲ್ಲಿರಲಿ.

ಹಂತ 7: ಜೊತೆಗೆ ಹೋಗಿ ಕಲಿಸುವುದು

ಎಂಟು ತರಗತಿ ಮುಗಿದೊಡನೆ ಜೋಡಿಗಳನ್ನು ತಾವೇ ಹೋಗಲು ಬಿಡಬೇಡಿ. ಮೊದಲ ಎರಡು ಭೇಟಿಯಲ್ಲಿ ಗುರುಗಳೋ ಸಿಸ್ಟರೋ ಮಾತಾಡಲಿ, ಕಲಿಯುವವರು ನೋಡಲಿ. ಮುಂದಿನ ಎರಡರಲ್ಲಿ ಕಲಿಯುವವರು ಮಾತಾಡಲಿ. ದಾರಿಯಲ್ಲಿ ವಾಪಸು ಬರುವಾಗಿನ ಹತ್ತು ನಿಮಿಷದ ಮಾತು ತರಗತಿಗಿಂತ ಬೆಲೆಯುಳ್ಳದ್ದು. ಆಮೇಲೆ ಒಂದು ಭಾನುವಾರದ ಆರಾಧನೆಯಲ್ಲಿ ಹೆಸರು ಕರೆದು, ಪ್ರಾರ್ಥಿಸಿ ಸೇವೆಗೆ ನೇಮಿಸಿ. ಇದರಿಂದ ಯಾರು ಮನೆಗೆ ಬರಬಹುದೆಂದು ಇಡೀ ಸಭೆಗೆ ಗೊತ್ತಾಗುತ್ತದೆ.

ಹಂತ 8: ತಿಂಗಳ ಪರಿಶೀಲನೆ

ಆಂಟನ್ ಬೋಯ್ಸನ್ ಎಂಬ ಪಾದ್ರಿ ಸ್ವತಃ ಮಾನಸಿಕ ಕಾಯಿಲೆಯಿಂದ ಆಸ್ಪತ್ರೆಯಲ್ಲಿದ್ದು ಹೊರಬಂದವರು. 1925ರಲ್ಲಿ ಅಮೆರಿಕದ ವೂಸ್ಟರ್ ಮಾನಸಿಕ ಆಸ್ಪತ್ರೆಯಲ್ಲಿ ಅವರು ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ಪುಸ್ತಕ ಬದಿಗಿಟ್ಟು ರೋಗಿಗಳಿಂದಲೇ ಕಲಿಯಲು ಕೂಡಿಸಿದರು. ಆ ಪರಂಪರೆಯಲ್ಲಿ ಬೆಳೆದದ್ದು ಮಾತುಕತೆಯನ್ನು ಇದ್ದಹಾಗೆ ಬರೆದು ಗುಂಪಿನಲ್ಲಿ ಓದುವ ಪದ್ಧತಿ. ನಮ್ಮ ಸಭೆಗಳಿಗೆ ಇದನ್ನು ಸರಳ ಮಾಡಿಕೊಳ್ಳಬಹುದು.

ಭೇಟಿಯಾದ 24 ತಾಸಿನೊಳಗೆ ಒಂದು ಪುಟ ಬರೆಯಬೇಕು. ಎಡಕ್ಕೆ ಅವರು ಅಂದದ್ದು, ನಾನು ಅಂದದ್ದು, ನೆನಪಿದ್ದಷ್ಟು ಅದೇ ಮಾತಿನಲ್ಲಿ. ಬಲಕ್ಕೆ ಆಗ ನನ್ನೊಳಗೆ ಆದದ್ದು: ಅಂಜಿಕೆ, ಬೇಸರ, ಸಿಟ್ಟು. ಹೆಸರು, ಊರು, ಗುರುತು ಬೇಡ. ಬರೆಯಲು ಬಾರದವರು ಬಾಯಲ್ಲಿ ಹೇಳಲಿ. ಅವರನ್ನು ಬಿಟ್ಟರೆ ಹಳ್ಳಿಯ ಅತ್ಯುತ್ತಮ ಕೇಳುಗರನ್ನೇ ಬಿಟ್ಟಂತೆ. ತಿಂಗಳ 2 ತಾಸಿನಲ್ಲಿ ಎರಡು ಭೇಟಿಗಳನ್ನು ತಲಾ 40 ನಿಮಿಷ ನೋಡಿ, ಉಳಿದ ಹೊತ್ತು ಮುಂದಿನ ತಿಂಗಳ ಮನೆಗಳ ಹಂಚಿಕೆಗೆ. ಓದಿದ ಹಾಳೆಯನ್ನು ಅಲ್ಲೇ ಹರಿದುಹಾಕಿ.

ಇಲ್ಲಿ ಕೆಡುವುದು ಎರಡು ರೀತಿ. ಗುರುಗಳು ತಪ್ಪು ಎತ್ತಿ ಬೈದರೆ ಮುಂದಿನ ತಿಂಗಳು ಎಲ್ಲರೂ ಚೆಂದದ ಭೇಟಿಗಳನ್ನಷ್ಟೇ ತರುತ್ತಾರೆ. ಇನ್ನೊಂದು, ಗುರುಗಳ ವರ್ಗಾವಣೆ. ಹೊಸಬರು ಬಂದು ತಿಂಗಳ ಪರಿಶೀಲನೆ ನಿಂತರೆ ಮೂರು ತಿಂಗಳಲ್ಲಿ ಭೇಟಿಯೂ ನಿಲ್ಲುತ್ತದೆ. ಅದಕ್ಕೆ ಸ್ಥಳೀಯರೇ ಆದ ಒಬ್ಬ ಸಂಚಾಲಕರನ್ನು ಮೊದಲ ವರ್ಷದಲ್ಲೇ ತಯಾರು ಮಾಡಿ. ನಿವೃತ್ತ ನರ್ಸ್ ಅಥವಾ ಶಿಕ್ಷಕಿ ಸಿಕ್ಕರೆ ಬಹಳ ಒಳ್ಳೆಯದು.

ನೇಮಕ ಒಂದು ವರ್ಷಕ್ಕೆ ಮಾತ್ರ ಇರಲಿ. ವರ್ಷ ತುಂಬಿದಾಗ ಪ್ರತಿಯೊಬ್ಬರನ್ನೂ ಒಂಟಿಯಾಗಿ ಕೂಡಿಸಿ ಕೇಳಿ: ನಿದ್ದೆ ಸರಿಯಾಗಿದೆಯೇ, ಮನೆಯವರು ಒಪ್ಪಿದ್ದಾರೆಯೇ, ಮುಂದುವರಿಸುವ ಮನಸ್ಸಿದೆಯೇ. ದಣಿದವರಿಗೆ ಆರು ತಿಂಗಳ ಬಿಡುವು ಕೊಡಿ, ಬಿಡುವೆಂದರೆ ಸೋಲೆಂದು ಯಾರೂ ತಿಳಿಯದಂತೆ ಕೊಡಿ. ಬಿಟ್ಟುಹೋಗುವವರು ತಮ್ಮ ನಾಲ್ಕು ಮನೆಗಳಿಗೂ ಹೊಸ ಜೋಡಿಯನ್ನು ಒಮ್ಮೆ ಕರೆದುಕೊಂಡು ಹೋಗಿ, ಗುರುತು ಮಾಡಿಸಿ, ಮುಂದಿನ ಭೇಟಿಯ ತಾರೀಖನ್ನು ಹೊಸಬರ ಬಾಯಿಂದಲೇ ಹೇಳಿಸಿ ಬರಬೇಕು.